ಗೋಬಿ ಮಂಚೂರಿ ಹಾಸನಕ್ಕೆ ಬಂದ ದಾರಿ

ಸಂಜೆ ಆರು ಗಂಟೆ ದಾಟಿದ ಮೇಲೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕರಲ್ಲಿ ಯಾವ ಊರಿನ ಪೇಟೆಬೀದಿಯಲ್ಲಿ ನಡೆದರೂ ಒಂದು ಸದ್ದು ಕಿವಿಗೆ ಬೀಳುತ್ತದೆ. ಕಬ್ಬಿಣದ ಬಾಂಡಲಿಗೆ ಕಬ್ಬಿಣದ ಸೌಟು ತಗಲುವ ಸದ್ದು. ಅದರ ಬೆನ್ನಿಗೇ ಬೆಳ್ಳುಳ್ಳಿ ಹುರಿದ ವಾಸನೆ. ಹತ್ತಿರ ಹೋದರೆ ಒಂದು ತಳ್ಳುಗಾಡಿ, ಅದರ ನೆತ್ತಿಯ ಮೇಲೆ 'ಚೈನೀಸ್ ಫಾಸ್ಟ್ ಫುಡ್' ಎಂಬ ಹಲಗೆ, ಸುತ್ತಲೂ ಕಾಲೇಜು ಹುಡುಗರು, ಆಟೋ ಚಾಲಕರು, ಮಕ್ಕಳ ಕೈ ಹಿಡಿದ ತಾಯಂದಿರು. ಕಾಗದದ ತಟ್ಟೆಯಲ್ಲಿ ಗೋಬಿ ಮಂಚೂರಿ.

ಈ ಊರುಗಳಲ್ಲಿ ಚೀನೀಯರ ಕೇರಿ ಎಂಬುದು ಎಂದೂ ಇರಲಿಲ್ಲ. ಹಾಗಾದರೆ ಈ ತಿಂಡಿಯನ್ನು ಇಲ್ಲಿಗೆ ತಂದವರು ಯಾರು? ನೋಡಲು ಚಿಕ್ಕ ಪ್ರಶ್ನೆ. ಆದರೆ ಇದರ ಬೆನ್ನು ಹತ್ತಿ ಹೋದರೆ ಬೆಂಗಳೂರಿನ ದಂಡು ಪ್ರದೇಶ, ಕಲ್ಕತ್ತೆಯ ಚರ್ಮದ ಕಾರ್ಖಾನೆಗಳು, ಮುಂಬಯಿಯ ಒಂದು ಕ್ರಿಕೆಟ್ ಕ್ಲಬ್ಬು, ಬೈಲುಕುಪ್ಪೆಯ ಟಿಬೆಟನ್ನರ ನೆಲೆ, ಇಷ್ಟನ್ನೂ ಸುತ್ತಿ ಬರಬೇಕಾಗುತ್ತದೆ. ಜೊತೆಗೆ ನಮ್ಮ ಮನೆಯೊಳಗಿನ ಒಂದು ಹಳೆಯ ಪ್ರಶ್ನೆಯೂ ಎದುರಾಗುತ್ತದೆ. ಅದು "ಒಳಗೆ ಅಡುಗೆ ಮಾಡುವವರು ಯಾರು?" ಎಂಬ ಪ್ರಶ್ನೆ.

ಮೊದಲು ಮಾತಿನ ವಿಷಯ. ಚೀನಾ ಕನ್ನಡಕ್ಕೆ ಹೊಸದಲ್ಲ. ಹಳೆಯ ಕಾವ್ಯಗಳಲ್ಲಿ ರೇಷ್ಮೆ ಬಟ್ಟೆಗೆ ಚೀನಾಂಬರ ಎಂದಿದ್ದಾರೆ. ಉಪ್ಪಿನಕಾಯಿ ಹಾಕಿಡುವ ಪಿಂಗಾಣಿಗೆ ಚೀನಿ ಭರಣಿ ಎಂಬ ಹೆಸರಿದೆ. ನಾಡಿನ ಕೆಲವು ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ. ತಮಾಷೆಯೆಂದರೆ ಆ ಕುಂಬಳದ ತವರು ಚೀನಾ ಅಲ್ಲ, ಅಮೆರಿಕಾ ಖಂಡ. ಸಮುದ್ರದಾಚೆಯಿಂದ ಬಂದದ್ದಕ್ಕೆ ಹೆಸರು ತಿಳಿಯದಿದ್ದಾಗ ನಮ್ಮವರು ಅದಕ್ಕೆ ಚೀನಾದ ಮುದ್ರೆ ಒತ್ತಿಬಿಡುತ್ತಿದ್ದರು. ಗೋಬಿ ಮಂಚೂರಿಯ ಹೆಸರನ್ನು ಕೇಳಿದಾಗಲೆಲ್ಲ ನನಗೆ ಈ ಚೀನಿಕಾಯಿಯ ನೆನಪಾಗುತ್ತದೆ. ಚೀನಾದ ಈಶಾನ್ಯಕ್ಕಿರುವ ಮಂಚೂರಿಯಾ ಪ್ರಾಂತ್ಯದವರಿಗೂ ಈ ತಿಂಡಿಗೂ ಯಾವ ನಂಟೂ ಇಲ್ಲ.

ಇನ್ನು ಹೊರಗೆ ತಿನ್ನುವ ವಿಷಯ. ಹಣ ಕೊಟ್ಟು ಹೊರಗೆ ಉಣ್ಣುವುದು ನಮ್ಮ ಕಡೆ ಬಹಳ ಹಳೆಯ ರೂಢಿಯಲ್ಲ. ಪ್ರಯಾಣಿಕನಿಗೆ ಛತ್ರವಿತ್ತು, ಮಠವಿತ್ತು, ನಂಟರ ಮನೆಯಿತ್ತು; ಇಲ್ಲವಾದರೆ ಗಂಟಿನಲ್ಲಿ ಕಟ್ಟಿಕೊಂಡ ಬುತ್ತಿ ಇತ್ತು. ಪುಳಿಯೋಗರೆ, ಅಕ್ಕಿರೊಟ್ಟಿ, ಹುರಿಹಿಟ್ಟು ಇವೆಲ್ಲ ಕೆಡದೆ ದೂರ ಸಾಗುವ ಪದಾರ್ಥಗಳು. ಕಳೆದ ಶತಮಾನದ ಆರಂಭದಲ್ಲಿ ರೈಲು ಮತ್ತು ಮೋಟಾರು ಬಂದು, ಕೋರ್ಟು ಕಚೇರಿಗಳು ಬೆಳೆದು, ಕಾಫಿಯ ಅಭ್ಯಾಸ ಹಬ್ಬಿದ ಮೇಲೆ ದಕ್ಷಿಣ ಕನ್ನಡದ ಕಡೆಯಿಂದ ಬಂದವರು ಮೈಸೂರು ಸೀಮೆಯ ಊರೂರುಗಳಲ್ಲಿ ಹೋಟೆಲು ತೆರೆದರು. ಬೆಂಗಳೂರಿನಲ್ಲಿ 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಹೋಟೆಲು ಮುಂದೆ ಎಂ.ಟಿ.ಆರ್. ಎಂದು ಹೆಸರಾದದ್ದು ಎಲ್ಲರಿಗೂ ತಿಳಿದದ್ದೇ. ನಮ್ಮ ಕಡೆಯ ಪೇಟೆಗಳಲ್ಲೂ ಅಂಥವೇ ಸಣ್ಣ ರೂಪದಲ್ಲಿ ತಲೆಯೆತ್ತಿದವು.

ಆ ಕಾಲದ ಹೋಟೆಲು ಎಂದರೆ ಇಂದಿನವರು ಊಹಿಸುವಂತೆ ಎಲ್ಲರಿಗೂ ತೆರೆದ ಬಾಗಿಲಲ್ಲ. ಹೊರಗಿನ ಹಲಗೆಯ ಮೇಲೇ 'ಬ್ರಾಹ್ಮಣರ ಫಲಾಹಾರ ಮಂದಿರ' ಎಂದು ಬರೆದಿರುತ್ತಿತ್ತು. ಅದು ಅಡುಗೆಯವನ ಜಾತಿಯ ಬಗ್ಗೆ ಗಿರಾಕಿಗೆ ಕೊಟ್ಟ ಭರವಸೆ. ಒಳಗೆ ಒಂದು ಕೋಣೆ, ಹೊರಗೆ ಒಂದು ಜಗಲಿ. ಒಳಗಿನವರು ಒಂದು ಜಾತಿ, ಹೊರಗಿನವರು ಬೇರೆ. ದಲಿತರಿಗೆ ಜಗಲಿಯೂ ಇಲ್ಲ. ಬೀದಿಯಲ್ಲಿ ನಿಂತು ತೆಂಗಿನ ಚಿಪ್ಪಿನಲ್ಲೋ, ತಾವೇ ತಂದ ಲೋಟದಲ್ಲೋ ಮೇಲಿನಿಂದ ಹೊಯ್ದ ಕಾಫಿ ಕುಡಿಯಬೇಕು. ಮಾಂಸದೂಟದ ಮಿಲಿಟರಿ ಹೋಟೆಲುಗಳು ಬೇರೆಯೇ ಬೀದಿಯಲ್ಲಿ. 1950ರ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಹೋಗಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು ಹೆಸರಿಟ್ಟು ಹೇಳಿತು. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಬಂತು. ಗೋಡೆಗಳನ್ನು ತೆಗೆದರು. ಆದರೆ ಹಳ್ಳಿಯ ಟೀ ಅಂಗಡಿಗಳಲ್ಲಿ ಎರಡು ಬಗೆಯ ಲೋಟ ಆಮೇಲೂ ಎಷ್ಟೋ ವರ್ಷ ಉಳಿದವು ಎಂಬುದನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದಾರೆ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. 1978ರಲ್ಲಿ, ನಾನು ಪಿ.ಯು.ಸಿ. ಮುಗಿಸಿದ ವರ್ಷ, ಹೊಳೆನರಸೀಪುರದಿಂದ ಬೆಂಗಳೂರಿಗೆ ಸೋದರಮಾವನ ಮನೆಗೆ ಹೋಗಿದ್ದೆ. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಬಹಳ ಮಡಿವಂತರಲ್ಲದಿದ್ದರೂ ಆಚಾರ ಬಿಟ್ಟವರಲ್ಲ. ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುವ ಮುನ್ನ ಮಾಣಿಯನ್ನು ಕರೆದು, "ಒಳಗೆ ಭಟ್ಟರು ಯಾರಪ್ಪ, ಯಾವ ಕಡೆಯವರು?" ಎಂದು ವಿಚಾರಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅಂಥವರು ಒಂದು ಶನಿವಾರ ಸಂಜೆ, "ಬಾರೋ, ನಿನಗೊಂದು ಹೊಸದು ತೋರಿಸುತ್ತೇನೆ" ಎಂದು ದಂಡಿನ ಕಡೆಗೆ ಕರೆದುಕೊಂಡು ಹೋದರು.

ನಮ್ಮ ಜಿಲ್ಲೆಯಿಂದ ಹೋದವರಿಗೆ ಬೆಂಗಳೂರೆಂದರೆ ಮೆಜೆಸ್ಟಿಕ್, ಚಿಕ್ಕಪೇಟೆ, ಗಾಂಧಿಬಜಾರು. 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು ಪ್ರದೇಶ ಬೇರೆಯೇ ಲೋಕ. 1949ರವರೆಗೆ ಪೇಟೆಗೂ ದಂಡಿಗೂ ಪ್ರತ್ಯೇಕ ಪೌರಾಡಳಿತವಿತ್ತು. ಎರಡೂ ಒಂದಾಗಿ ಕಾರ್ಪೊರೇಷನ್ ಆದ ಮೇಲೂ ನಮ್ಮವರು ಕಬ್ಬನ್ ಪಾರ್ಕ್ ದಾಟಿ ಆಚೆ ಹೋಗುವುದು ಅಪರೂಪವಾಗಿತ್ತು. ಚೀನೀ ಮೂಲದ ಹಲ್ಲಿನ ವೈದ್ಯರು, ಪಾದರಕ್ಷೆ ಹೊಲಿಯುವವರು, ಕೇಶಾಲಂಕಾರದ ಅಂಗಡಿಯವರು ಇದ್ದದ್ದು ಆ ಕಡೆ. ಚುಂಗ್ ವಾ, ರೈಸ್ ಬೌಲ್ ಮೊದಲಾದ ಹೆಸರುಗಳು ಹಳೆಯ ಬೆಂಗಳೂರಿಗರ ಬಾಯಲ್ಲಿ ಈಗಲೂ ಇವೆ. ನಾವು ಹೋದದ್ದು ಇನ್ನೊಂದಕ್ಕೆ. ಈಗ ಅದು ಇಲ್ಲ.

ಒಳಗೆ ಮಂದ ಬೆಳಕು, ಕೆಂಪು ಕಾಗದದ ಲಾಂದ್ರ. ಹಗಲಿನಂಥ ಟ್ಯೂಬ್‌ಲೈಟಿನ ಕೆಳಗೆ ತಿಂಡಿ ತಿಂದವನಿಗೆ ಅದೇ ಮೊದಲ ಸೋಜಿಗ. ಬಾಳೆಎಲೆ ಇಲ್ಲ, ಸ್ಟೀಲು ತಟ್ಟೆ ಇಲ್ಲ, ಬಟ್ಟಲಿನಲ್ಲಿ ಗಂಜಿಯಂಥ ಒಂದು ಸೂಪು. ಮಾವ ತಮ್ಮ ಅಭ್ಯಾಸದಂತೆ ಬಡಿಸುವವನನ್ನು ಕರೆದು, ಕನ್ನಡವೂ ಇಂಗ್ಲಿಷೂ ಬೆರೆಸಿ ಅದೇ ಪ್ರಶ್ನೆ ಕೇಳಿದರು: ಒಳಗೆ ಅಡುಗೆ ಮಾಡುವವರು ಯಾರು? ಅವನು ಹೆಮ್ಮೆಯಿಂದ, "ಚೀನಾದವರೇ ಸಾರ್" ಎಂದ. ಮಾವ ತಲೆಯಾಡಿಸಿ ಚಮಚ ಕೈಗೆ ತೆಗೆದುಕೊಂಡರು. ಅಲ್ಲಿಗೆ ಅವರ ವಿಚಾರಣೆ ಮುಗಿಯಿತು. ತರಕಾರಿ ಫ್ರೈಡ್ ರೈಸಿನ ಕೊನೆಗೆ ಮೊಸರು ಕೇಳಿದರು, ಸಿಗಲಿಲ್ಲ.

ಊರಿಗೆ ಬಂದು ಹೇಳಿದಾಗ ನಮ್ಮ ಅಜ್ಜಿ ಕೇಳಿದ್ದು ರುಚಿಯ ಸಂಗತಿಯಲ್ಲ. "ಚೀನಾದವರು ಅಂದರೆ ಯಾವ ಜನವೋ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ಹಬ್ಬಕ್ಕೆ ಬಂದ ಮಾವ ಅದಕ್ಕೆ ಉತ್ತರ ಕೊಟ್ಟರು: "ಅವರಿಗೆ ಜಾತಿ ಅನ್ನುವುದೇ ಇಲ್ಲವಮ್ಮ."

ಅಜ್ಜಿಯ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಪುಸ್ತಕಗಳಲ್ಲಿ. ಭಾರತಕ್ಕೆ ಬಂದು ನೆಲೆಸಿದ ಚೀನೀಯರ ಮೊದಲ ನೆಲೆ ಕಲ್ಕತ್ತೆಯ ಹತ್ತಿರದ್ದು. 1780ರ ಸುಮಾರಿಗೆ ಟಾಂಗ್ ಅಚ್ಯೂ ಎಂಬ ವರ್ತಕ ವಾರನ್ ಹೇಸ್ಟಿಂಗ್ಸ್‌ನಿಂದ ಭೂಮಿ ಪಡೆದು ಹೂಗ್ಲಿ ನದಿಯ ದಂಡೆಯಲ್ಲಿ ಸಕ್ಕರೆಯ ಗಾಣ ಹೂಡಿದ. ಅವನ ಹೆಸರಿನಿಂದಲೇ ಆ ಊರು ಅಚಿಪುರವಾಯಿತು. ಮುಂದೆ ಬಂದವರಲ್ಲಿ ಬಡಗಿಗಳಿದ್ದರು, ಹಡಗಿನ ಕೆಲಸಗಾರರಿದ್ದರು, ಹಲ್ಲಿನ ವೈದ್ಯರಿದ್ದರು. ದೊಡ್ಡ ಸಂಖ್ಯೆಯವರು ಹಕ್ಕ ಜನ. ಹಕ್ಕ ಎಂದರೆ ಅವರ ಭಾಷೆಯಲ್ಲಿ ಅತಿಥಿಗಳ ಕುಟುಂಬ ಎಂದರ್ಥ. ಚೀನಾದೊಳಗೇ ವಲಸೆ ಹೋಗಿ ಹೋಗಿ ಆ ಹೆಸರು ಪಡೆದವರು. ಇವತ್ತು ತಳ್ಳುಗಾಡಿಯ ಪಟ್ಟಿಯಲ್ಲಿ 'ಹಕ್ಕ ನೂಡಲ್ಸ್' ಎಂದು ಬರೆದಿರುತ್ತದಲ್ಲ, ಅದೊಂದು ರುಚಿಯ ಹೆಸರಲ್ಲ, ಜನರ ಹೆಸರು.

ಈ ಹಕ್ಕ ಜನ ಕಲ್ಕತ್ತೆಯ ಪೂರ್ವಕ್ಕೆ ಟ್ಯಾಂಗ್ರಾ ಎಂಬ ಜೌಗು ಪ್ರದೇಶದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳನ್ನು ಕಟ್ಟಿದರು. ಮೇಲುಜಾತಿಯವರು ಮೈಲಿಗೆಯೆಂದು ಮುಟ್ಟದ ಕಸುಬು ಅದು. ಪೈಪೋಟಿ ಕಡಿಮೆ; ಅದಕ್ಕೇ ಅವರಿಗೆ ದಕ್ಕಿತು. ಅದೇ ಮನೆಗಳ ಅಡುಗೆ ಮುಂದೆ ಊಟದ ಮನೆಗಳ ಅಡುಗೆಯಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ಮಾಲಿನ್ಯದ ಕಾರಣಕ್ಕೆ ಆ ಕಾರ್ಖಾನೆಗಳನ್ನು ಊರಾಚೆಗೆ ಸಾಗಿಸಬೇಕೆಂದು ತೀರ್ಪು ಕೊಟ್ಟ ಮೇಲಂತೂ ಟ್ಯಾಂಗ್ರಾದ ಎಷ್ಟೋ ಚರ್ಮದ ಮಂಡಿಗಳು ರೆಸ್ಟೋರೆಂಟುಗಳಾದವು. ಹೀಗಾಗಿ ಬಸ್‌ಸ್ಟ್ಯಾಂಡಿನ ಕಾಫಿಗೆ ಭಟ್ಟರ ಕುಲ ವಿಚಾರಿಸುತ್ತಿದ್ದ ನಮ್ಮ ಮಾವ, ಬೆಂಗಳೂರಿನಲ್ಲಿ ಚಮಚ ಎತ್ತಿದ್ದು ಯಾವ ಅಡುಗೆಯ ಪರಂಪರೆಗೆ ಎಂಬುದನ್ನು ತಿಳಿದಿದ್ದರೆ ಏನು ಮಾಡುತ್ತಿದ್ದರೋ! ಅವರ ಮೇಲೆ ನಗುವುದು ನನ್ನ ಉದ್ದೇಶವಲ್ಲ. ನಮ್ಮ ಏಣಿಯಲ್ಲಿ ಮೆಟ್ಟಿಲೇ ಇಲ್ಲದವನ ಕೈಯಡುಗೆಯನ್ನು ಉಣ್ಣಲು ನಮ್ಮವರಿಗೆ ಸುಲಭವಾಯಿತು. ಪಕ್ಕದ ಕೇರಿಯವನ ಕೈಯದು ಸುಲಭವಾಗಲಿಲ್ಲ. ಹೊರಗೂಟದ ಚರಿತ್ರೆಯಲ್ಲಿ ಇದು ದಾಖಲಾಗಬೇಕಾದ ಸಂಗತಿ.

ಆ ಅಡುಗೆಯವರಿಗೆ ನಾವು ಕೊಟ್ಟ ಮರ್ಯಾದೆ ಎಂಥದು? 1962ರ ಅಕ್ಟೋಬರಿನಲ್ಲಿ ಚೀನಾ ಯುದ್ಧ ನಡೆದಾಗ, ಭಾರತದಲ್ಲೇ ಹುಟ್ಟಿ ಬೆಳೆದ ಸುಮಾರು 3,000 ಮಂದಿ ಚೀನೀ ಮೂಲದವರನ್ನು ಹಿಡಿದು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಹೆಚ್ಚಿನವರು ಅಸ್ಸಾಂ, ಬಂಗಾಳದ ಕಡೆಯವರು. ಮುದುಕರು, ಹಾಲುಗೂಸುಗಳು ಎಲ್ಲ ಇದ್ದರು. ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿದರು. ಬಿಡುಗಡೆಯಾಗಿ ಬಂದಾಗ ಮನೆ, ಅಂಗಡಿ ಬೇರೆಯವರ ಪಾಲಾಗಿತ್ತು. ಅನೇಕರು ಮುಂದೆ ಕೆನಡಾಕ್ಕೆ ಹೊರಟುಹೋದರು. ಉಳಿದವರಲ್ಲಿ ಹಲವರಿಗೆ ಜೀವನೋಪಾಯಕ್ಕೆ ಕೈಗೆ ಹತ್ತಿದ್ದು ಸೌಟು. ಚೀನೀ ಎಂಬ ಹೆಸರು ಹೊತ್ತವರು ಅನುಮಾನಕ್ಕೆ ಗುರಿಯಾದ ಅದೇ ಎರಡು ದಶಕಗಳಲ್ಲಿ ಚೀನೀ ಎಂಬ ಹೆಸರು ಹೊತ್ತ ಊಟ ನಮ್ಮ ಶಹರಗಳಲ್ಲಿ ಜನಪ್ರಿಯವಾಯಿತು.

ಈಗ ಮಂಚೂರಿ. ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಚೀನೀ ಮೂಲದ ಅಡುಗೆಗಾರರು 1970ರ ದಶಕದಲ್ಲಿ ಮುಂಬಯಿಗೆ ಬಂದರು. 1975ರಲ್ಲಿ ಅಲ್ಲಿನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಒಬ್ಬ ಗಿರಾಕಿ ಪಟ್ಟಿಯಲ್ಲಿಲ್ಲದ ಹೊಸದೇನಾದರೂ ಕೊಡಿ ಎಂದರಂತೆ. ಇವರು ನಮ್ಮ ಮನೆಗಳ ಒಗ್ಗರಣೆಯಂತೆಯೇ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ ಹೆಚ್ಚಿ ಹುರಿದು, ಗರಂ ಮಸಾಲೆ ಹಾಕುವ ಕಡೆ ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡಿ ಕೋಳಿಯ ತುಂಡುಗಳನ್ನು ಹಾಕಿ ಕೊಟ್ಟರು. ಚಿಕನ್ ಮಂಚೂರಿಯನ್ ಹುಟ್ಟಿದ ಬಗೆಯನ್ನು ಅವರೇ ಹೀಗೆ ಹೇಳಿಕೊಂಡಿದ್ದಾರೆ.

ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಸಸ್ಯಾಹಾರಿಗಳ ಅನುಕೂಲಕ್ಕೆ. ಅದಕ್ಕೂ ಒಂದು ವಲಸೆಯ ಕಥೆಯಿದೆ. ಹೂಕೋಸಿನ ಬೀಜ ಇಂಗ್ಲೆಂಡಿನಿಂದ ಭಾರತಕ್ಕೆ ಬಂದದ್ದು 1822ರಲ್ಲಿ, ಸಹಾರನ್‌ಪುರದ ಕಂಪನಿ ತೋಟಕ್ಕೆ. ಗೋಬಿ ಎಂಬ ಹಿಂದಿ ಹೆಸರು ನಮ್ಮ ಬಾಯಲ್ಲಿ ತಿಂಡಿಗೆ ಮಾತ್ರ ಉಳಿದಿದೆ. ತರಕಾರಿ ಅಂಗಡಿಯಲ್ಲಿ ನಾವು ಈಗಲೂ ಹೂಕೋಸು ಎಂದೇ ಕೇಳುತ್ತೇವೆ.

ಹೊರಗಿನ ಪದಾರ್ಥವನ್ನು ತಮ್ಮ ಆಚಾರಕ್ಕೆ ಒಗ್ಗಿಸಿಕೊಳ್ಳುವುದರಲ್ಲಿ ನಮ್ಮ ಜಿಲ್ಲೆಯವರು ಹೊಸಬರೇನಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಮೂಲ ಹಾಸನ ಸೀಮೆ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಸಿಹಿತಿಂಡಿಯ ಅಂಗಡಿ ಇಟ್ಟಿದ್ದ ಅವರಿಗೆ ಬ್ರೆಡ್ಡು ಬೇಯಿಸುವುದನ್ನು ಕಲಿಸಿದವನು ಗಿರಾಕಿಯಾಗಿ ಬರುತ್ತಿದ್ದ ಒಬ್ಬ ಆಂಗ್ಲನೆಂದು ಮನೆತನದವರು ಹೇಳುತ್ತಾರೆ. ದೊರೆಗಳ ರೊಟ್ಟಿಗೆ ಮೊಟ್ಟೆ ಬಿಟ್ಟು, ಹಸಿಮೆಣಸು, ಈರುಳ್ಳಿ, ಕೊತ್ತಂಬರಿ ಸೇರಿಸಿ ಖಾರಾ ಬನ್ನು ಮಾಡಿದ ಜನ ಇವರು. ಮುಂದೆ ಹಾಸನ ಜಿಲ್ಲೆಯ ಹಳ್ಳಿಗಳ ಹೆಬ್ಬಾರ್ ಅಯ್ಯಂಗಾರ್ ಹುಡುಗರು ನಂಟರ ಬೇಕರಿಗಳಲ್ಲಿ ಕೆಲಸ ಕಲಿತು ನಾಡಿನ ಉದ್ದಗಲಕ್ಕೂ ಅಂಗಡಿ ತೆರೆದರು. ಅಲ್ಲಿಯೂ ಹಲಗೆಯ ಮೇಲೆ ಜಾತಿಯ ಹೆಸರೇ ಭರವಸೆಯಾಗಿತ್ತು. ಬ್ರೆಡ್ಡು ಪರದೇಶದ್ದಾದರೂ ಬೇಯಿಸುವ ಕೈ ಪರಿಚಿತ ಎಂಬುದು ಅದರ ತಾತ್ಪರ್ಯ. ಗೋಬಿ ಮಂಚೂರಿಯ ಗಾಡಿಗೆ ಅಂಥ ಯಾವ ಹೆಸರೂ ಬೇಕಾಗಲಿಲ್ಲ.

ಬೆಂಗಳೂರಿನಿಂದ ಅದು ನಮ್ಮ ಊರುಗಳಿಗೆ ಇಳಿದದ್ದು ನಿಧಾನವಾಗಿ. ಹಾಸನದಲ್ಲಿ 1960ರಲ್ಲೇ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಆರಂಭವಾಗಿ ಹೊರಜಿಲ್ಲೆಗಳ ವಿದ್ಯಾರ್ಥಿಗಳು ಬಂದಿದ್ದರು. 1982ರಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಬಂದಾಗ ಬೇರೆ ರಾಜ್ಯಗಳ ಸಂಸಾರಗಳೂ ಬಂದು ನೆಲೆಸಿದವು. 1983ರಲ್ಲಿ ಮ್ಯಾಗಿ ಮಾರುಕಟ್ಟೆಗೆ ಬಂದು, ಶ್ಯಾವಿಗೆಯನ್ನು ಒತ್ತಿ ತಿನ್ನುತ್ತಿದ್ದ ಮನೆಗಳ ಮಕ್ಕಳಿಗೆ ನೂಡಲ್ಸಿನ ಅಭ್ಯಾಸ ಮಾಡಿಸಿತು. ಸೋಯಾ ಸಾಸ್, ಚಿಲ್ಲಿ ಸಾಸ್ ಬಾಟಲಿಗಳು ದಿನಸಿ ಅಂಗಡಿಗೆ ಬಂದವು. ಬೆಂಗಳೂರಿನ ಹೋಟೆಲುಗಳಲ್ಲಿ ತಟ್ಟೆ ತೊಳೆಯಲು ಸೇರಿ, ಬಾಂಡಲಿ ಹಿಡಿಯುವುದನ್ನು ನೋಡಿ ಕಲಿತ ನಮ್ಮ ಹಳ್ಳಿಗಳ ಹುಡುಗರು ಊರಿಗೆ ಮರಳಿ ಗಾಡಿ ಇಟ್ಟರು. ನಾನು ಕಂಡಂತೆ ಹೊಳೆನರಸೀಪುರದಲ್ಲಿ ಇದು 1990ರ ದಶಕದ ಸಂಗತಿ. ಕಾಯಿಸಲು ಒಂದು ಪಂಪ್ ಸ್ಟವ್, ಒಂದು ಬಾಂಡಲಿ, ಒಂದು ಜರಡಿ ಸೌಟು ಇದ್ದರೆ ಸಾಕು. ಕೂರಲು ಜಾಗ ಬೇಡ. ಕೂರಲು ಜಾಗವಿಲ್ಲದ ಕಡೆ ಒಳಗೆ ಯಾರು, ಹೊರಗೆ ಯಾರು ಎಂಬ ಮಾತೇ ಹುಟ್ಟುವುದಿಲ್ಲ. ಎಲ್ಲರೂ ಬೀದಿಯಲ್ಲೇ ನಿಂತರು. ನಮ್ಮ ಪೇಟೆಯಲ್ಲಿ ಎಲ್ಲ ಕೇರಿಗಳ ಹುಡುಗರು ಒಂದೇ ಬಾಂಡಲಿಯದನ್ನು ಅಕ್ಕಪಕ್ಕ ನಿಂತು ತಿಂದದ್ದನ್ನು ನಾನು ಮೊದಲು ನೋಡಿದ್ದು ಈ ಗಾಡಿಯ ಮುಂದೆ.

ಇದಕ್ಕೆ ಬೇಕಾದ ಸಾಮಾನು ನಮ್ಮ ಹೊಲಗಳಲ್ಲೂ ಬೆಳೆಯತೊಡಗಿತು. ಹಾಸನದ ಆಲೂಗಡ್ಡೆ ಹೆಸರಾದದ್ದು. ಅಂಗಮಾರಿ ರೋಗದಿಂದ ಪೆಟ್ಟು ತಿಂದ ರೈತರು ಅನೇಕರು ಮುಸುಕಿನ ಜೋಳಕ್ಕೂ ಶುಂಠಿಗೂ ಹೊರಳಿದರು. ಮುಸುಕಿನ ಜೋಳದ ಪಿಷ್ಟವೇ ಕಾರ್ನ್‌ಫ್ಲೋರ್. ರೈತ ಇದನ್ನು ಮಂಚೂರಿಗೆಂದು ಬೆಳೆದನೆಂದಲ್ಲ, ಹೆಚ್ಚಿನದು ಕೋಳಿ ಆಹಾರಕ್ಕೇ ಹೋಗುತ್ತದೆ. ಆದರೂ ಕಾರ್ನ್‌ಫ್ಲೋರಿನ ಪೊಟ್ಟಣ ಬಿಚ್ಚುವವರಲ್ಲಿ ಎಷ್ಟು ಜನಕ್ಕೆ ಅದು ತಮ್ಮ ಊರಾಚೆಯ ಬೆಳೆ ಎಂದು ಗೊತ್ತು?

ಅರಕಲಗೂಡಿನವರಿಗೆ ಏಷ್ಯಾದ ಇನ್ನೊಂದು ಅಡುಗೆ ಬೆಂಗಳೂರಿನ ಹಂಗಿಲ್ಲದೆ ಪಕ್ಕದಲ್ಲೇ ದೊರೆಯಿತು. ತಾಲ್ಲೂಕಿನ ದಕ್ಷಿಣದ ಗಡಿ ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕು. ಅಲ್ಲಿಯ ಬೈಲುಕುಪ್ಪೆಯಲ್ಲಿ ಆಗಿನ ಮೈಸೂರು ಸರ್ಕಾರ ಟಿಬೆಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಕಾಡು ಜಮೀನು ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಆನೆಗಳ ಹಾವಳಿಯ ನಡುವೆ ಕಾಡು ಕಡಿದು, ಹಿಮಾಲಯದ ಜನ ನಮ್ಮ ಬಿಸಿಲಿನಲ್ಲಿ ಮುಸುಕಿನ ಜೋಳ ಬೆಳೆದರು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಸ್ಥಾಪನೆಯಾಯಿತು. 1999ರಲ್ಲಿ ಅಲ್ಲಿ ಚಿನ್ನದ ಬಣ್ಣದ ಬೃಹತ್ ಮೂರ್ತಿಗಳ ದೇವಾಲಯ ತೆರೆದ ಮೇಲೆ ಪ್ರವಾಸಿಗಳು ಸಾಲುಗಟ್ಟಿದರು. ಕೊಣನೂರಿನ ಮೇಲೆ ಕುಶಾಲನಗರಕ್ಕೆ ಹೋಗುವ ನಮ್ಮವರು ದೇವಸ್ಥಾನ ನೋಡಿ, ಅಲ್ಲಿನ ಸಣ್ಣ ಊಟದ ಮನೆಗಳಲ್ಲಿ ಕೂತರು. ಮೊಮೊ ನಮ್ಮ ಕಡುಬಿನ ದೂರದ ನಂಟ. ಹಬೆಯಲ್ಲಿ ಬೇಯುವ ಹಿಟ್ಟಿನೊಳಗೆ ಹೂರಣ. ತುಕ್ಪಾ ಎಂಬ ಶ್ಯಾವಿಗೆ ಸಾರನ್ನು ನಮ್ಮ ಕಡೆಯವರು ಮೊದಲ ಸಲ ಚಪ್ಪೆ ಎನ್ನುತ್ತಾರೆ. ಆದರೆ ಇಲ್ಲಿ ಬೇಯಿಸುವವರೇ ಎದುರು ಬಂದು ಕನ್ನಡದಲ್ಲಿ ಮಾತಾಡಿಸಿ ಬಡಿಸುತ್ತಾರೆ. ಅಡುಗೆಯೂ ಅಡುಗೆಯವರೂ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗ ಅದು.

ಬೆಂಗಳೂರಿನಲ್ಲಿ ಈಗ ಜಪಾನಿ, ಕೊರಿಯನ್, ಥಾಯ್ ಊಟದ ಮನೆಗಳೂ ಇವೆ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಬಂದ ಮೇಲೆ ಜಪಾನಿ ಎಂಜಿನಿಯರುಗಳಿಗೆಂದು ಜಪಾನಿ ಊಟ ಬಂತು. ಅದು ತನ್ನವರಿಗಾಗಿ ಬಂದ ಅಡುಗೆ, ನಾವು ಅಲ್ಲಿ ಅತಿಥಿಗಳು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಬಂದು, ಅದಕ್ಕೂ ಮುಂಚೆ ಹೆದ್ದಾರಿ ನಾಲ್ಕು ಪಥವಾಗಿ, ಚನ್ನರಾಯಪಟ್ಟಣದ ಹುಡುಗರು ವಾರದ ಕೊನೆಗೆ ಊರಿಗೆ ಬಂದು ಹೋಗುವುದು ಸುಲಭವಾಯಿತು. ಅವರ ಬಾಯಲ್ಲಿ ಸುಶಿ, ರಾಮೆನ್ ಎಂಬ ಮಾತುಗಳು ಕೇಳುತ್ತವೆ. ಮನೆಗೆ ಬಂದರೆ ಬಸ್ಸಾರು ಮುದ್ದೆಯನ್ನೇ ಕೇಳುತ್ತಾರೆ ಎಂಬುದು ಅವರ ತಾಯಂದಿರ ಸಮಾಧಾನ.

ಬೆಂಗಳೂರಿನ ಚೀನೀ ಊಟದ ಮನೆಗಳಲ್ಲಿ ಕಲ್ಕತ್ತೆಯ ಹಕ್ಕ ಬಾಣಸಿಗರ ಜಾಗಕ್ಕೆ ಬರಬರುತ್ತ ನೇಪಾಳ, ಡಾರ್ಜಿಲಿಂಗ್, ಮಣಿಪುರ, ಅಸ್ಸಾಂ ಕಡೆಯ ತರುಣರು ಬಂದರು. ಕೆಲಸ ಬಲ್ಲರೆಂಬ ಕಾರಣ ಒಂದಾದರೆ, ಅವರ ಮುಖ ನೋಡಿ ಗಿರಾಕಿಗೆ ಊಟ ಅಸಲಿ ಎನ್ನಿಸುತ್ತದೆಂಬ ಲೆಕ್ಕಾಚಾರವೂ ಮಾಲೀಕರಲ್ಲಿತ್ತು. 2012ರ ಆಗಸ್ಟ್ ತಿಂಗಳಲ್ಲಿ ಮೊಬೈಲಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಮೂರ್ನಾಲ್ಕು ದಿನಗಳಲ್ಲಿ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಆ ವಾರ ಎಷ್ಟೋ ಅಡುಗೆಮನೆಗಳಲ್ಲಿ ಒಲೆ ಹಚ್ಚುವವರಿರಲಿಲ್ಲ. 2020ರ ಜೂನ್‌ನಲ್ಲಿ ಗಲ್ವಾನ್ ಘರ್ಷಣೆಯ ಬೆನ್ನಿಗೆ ಕೇಂದ್ರ ಸಚಿವರಾಗಿದ್ದ ರಾಮದಾಸ್ ಅಠಾವಳೆಯವರು ಚೀನೀ ಊಟವನ್ನೂ ಅದನ್ನು ಮಾರುವ ಹೋಟೆಲುಗಳನ್ನೂ ನಿಷೇಧಿಸಬೇಕೆಂದರು. ಹಾಸನದ ಗಾಡಿಯವರು ಆಗ ಕೊರೊನಾದ ಕಾರಣಕ್ಕೆ ವ್ಯಾಪಾರವಿಲ್ಲದೆ ಕೂತಿದ್ದರು. ಹೂಕೋಸು ನಮ್ಮದು, ಬಾಂಡಲಿ ನಮ್ಮದು, ಮಾಡುವವರು ನಾವು, ನಿಷೇಧಿಸುವುದಾದರೆ ಯಾರನ್ನು ಎಂದು ಒಬ್ಬರು ನನ್ನನ್ನು ಕೇಳಿದ್ದರು.

ನಿಜವಾದ ನಿಷೇಧ ಬಂದದ್ದು ಬಣ್ಣಕ್ಕೆ. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ತಡೆಯಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಬಣ್ಣ ಕಂಡಿತ್ತು. ಆ ಉರಿಗೆಂಪು ಮಾತ್ರ ಕಲ್ಕತ್ತೆಯಿಂದಲೂ ಬಂದದ್ದಲ್ಲ, ಮುಂಬಯಿಯಿಂದಲೂ ಬಂದದ್ದಲ್ಲ. ಸೋಯಾ ಸಾಸಿನ ಕಂದು ಬಣ್ಣ ನೋಡಿ ಖಾರ ಸಾಲದು ಎಂದುಕೊಳ್ಳುವ ಗಿರಾಕಿಗಾಗಿ ಗಾಡಿಯವರು ಹಾಕಿದ್ದು. ಗಿರಾಕಿ ಎಂದರೆ ನಾವೇ. ಈಗಲೂ, "ಇದೇನಪ್ಪ ಬಿಳಚಿಕೊಂಡಿದೆ" ಎಂದು ಮೂಗು ಮುರಿಯುವವರಿದ್ದಾರೆ.

ಹೋದ ವರ್ಷ ಹಾಸನದಲ್ಲಿ ಕೊನೆಯ ಬಸ್ಸು ತಪ್ಪಿ, ರಾತ್ರಿ ಹತ್ತೂವರೆಗೆ ಒಂದು ಗಾಡಿಯ ಹತ್ತಿರ ನಿಂತಿದ್ದೆ. ಅಂಗಡಿ ಮುಚ್ಚುವ ಹೊತ್ತು. ಅಸ್ಸಾಮಿನಿಂದ ಬಂದ ಹುಡುಗನೊಬ್ಬ ಬಾಂಡಲಿ ತೊಳೆದಿಟ್ಟು, ತನಗೆಂದು ಬೇರೆ ಪಾತ್ರೆಯಲ್ಲಿ ಮಾಡಿಕೊಂಡಿದ್ದ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ ಬಡಿಸಿಕೊಳ್ಳುತ್ತಿದ್ದ. "ಮಂಚೂರಿ ಮಾಡುವುದನ್ನು ನಿಮ್ಮೂರಿನಲ್ಲೇ ಕಲಿತೆಯೇನಪ್ಪಾ?" ಎಂದು ಕೇಳಿದೆ. ನಕ್ಕುಬಿಟ್ಟ. "ನಮ್ಮೂರಲ್ಲಿ ಇದೆಲ್ಲ ಎಲ್ಲಿ ಸಾರ್? ಇಲ್ಲಿಗೆ ಬಂದ ಮೇಲೆ ಕಲಿತದ್ದು" ಎಂದು ಒಳ್ಳೆಯ ಕನ್ನಡದಲ್ಲೇ ಹೇಳಿದ. ಕಲಿಸಿದವರು ಯಾರೆಂದರೆ ಚನ್ನರಾಯಪಟ್ಟಣದ ಒಬ್ಬ ಅಣ್ಣ ಎಂದ. ಆ ಅಣ್ಣ ಈಗ ಬೆಂಗಳೂರಿನಲ್ಲಿ ಬಾಣಸಿಗನಂತೆ. ಬೆಂಚಿನ ಮೇಲೆ ಸ್ವಲ್ಪ ಸರಿದು ನನಗೂ ಜಾಗ ಮಾಡಿಕೊಟ್ಟ. ಅನ್ನ ಇನ್ನೂ ಬಿಸಿಯಾಗಿತ್ತು.